ಫೋಲ್ಡರ್ ಕಾಪಿ ಸಾಕು, ಅಚ್ಚು ಮಾಡೋಣ: ಮೇವನ್ ಆರ್ಕಿಟೈಪ್ ಪರಿಚಯ

ಮಿನಿ ಪ್ರಾಜೆಕ್ಟ್ ಅನೌನ್ಸ್ ಆದ ವಾರ ನಮ್ಮಲ್ಲಿ ನಡೆಯೋದು ಒಂದೇ. ಸೀನಿಯರ್ಸ್ ಹತ್ರ ಇರೋ ಜಿಪ್ ಫೈಲ್ ವಾಟ್ಸಾಪ್ ಗ್ರೂಪಿಗೆ ಬರುತ್ತೆ. ನಾವು ಅದನ್ನ ಬಿಚ್ಚಿ, ಹೆಸರು ಬದಲಾಯಿಸಿ, ಬೇಡದ ಕೋಡ್ ಅಳಿಸಿ ಕೆಲಸ ಶುರು ಮಾಡ್ತೀವಿ. ಅಳಿಸೋದು ಮಾತ್ರ ಯಾವತ್ತೂ ಪೂರ್ತಿ ಆಗಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಹಳೇ ಬ್ಯಾಚ್‌ನವರ ಪ್ಯಾಕೇಜ್ ಹೆಸರು, ಅವರ ಯುಎಸ್‌ಎನ್, ಕೆಲವೊಮ್ಮೆ ಡೇಟಾಬೇಸ್ ಪಾಸ್‌ವರ್ಡ್ ಕೂಡ ಉಳಿದಿರುತ್ತೆ. ವೈವಾದಲ್ಲಿ "ಈ ಡಿಪೆಂಡೆನ್ಸಿ ಯಾಕೆ?" ಅಂತ ಕೇಳಿದ್ರೆ ಉತ್ತರ ಇರಲ್ಲ, ಯಾಕಂದ್ರೆ ಅದನ್ನ ಹಾಕಿದ್ದು ನಾವಲ್ಲ.

ಈ ತೊಂದರೆಗೆ ಜಾವಾ ಲೋಕದಲ್ಲಿ ಹಳೇ ಪರಿಹಾರವೇ ಇದೆ. ಅದರ ಹೆಸರು ಮೇವನ್ ಆರ್ಕಿಟೈಪ್.

ಆರ್ಕಿಟೈಪ್ ಅಂದ್ರೆ ಏನು?

ಮೇವನ್ ಒಂದು ಬಿಲ್ಡ್ ಟೂಲ್. ಕಂಪೈಲ್, ಟೆಸ್ಟ್, ಜಾರ್ ಫೈಲ್ ಮಾಡೋದು, ಬೇಕಾದ ಲೈಬ್ರರಿ ಇಳಿಸೋದು ಇದರ ಕೆಲಸ. ಅಪಾಚೆ ಸಂಸ್ಥೆಯ ಈ ಟೂಲ್‌ನ ಮೊದಲ ಆವೃತ್ತಿ 2004ರಲ್ಲಿ, ಎರಡನೆಯದು 2005ರಲ್ಲಿ ಬಂತು. ಪ್ರಾಜೆಕ್ಟ್‌ನ ಎಲ್ಲಾ ವಿವರ ಪಾಮ್ ಅನ್ನೋ ಒಂದು ಎಕ್ಸ್‌ಎಂಎಲ್ ಫೈಲ್‌ನಲ್ಲಿ ಇರುತ್ತೆ.

ಆರ್ಕಿಟೈಪ್ ಅಂದ್ರೆ ಪ್ರಾಜೆಕ್ಟ್‌ನ ಅಚ್ಚು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡೋದನ್ನ ನೋಡಿರ್ತೀರಲ್ಲ, ಹಾಗೇ. ಮರದ ಅಚ್ಚು ಒಂದೇ, ಪಾಕ ಹುಯ್ದಷ್ಟು ಸಲ ಹೊಸ ಗೊಂಬೆ. ಅಚ್ಚಲ್ಲಿ ಒಂದು ಗೀರು ಇದ್ರೆ ಎಲ್ಲಾ ಗೊಂಬೆಯಲ್ಲೂ ಅದೇ ಗೀರು ಬರುತ್ತೆ. ಈ ಮಾತು ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಬಹಳ ಜನ ಗೊತ್ತಿಲ್ಲದೇನೇ ಆರ್ಕಿಟೈಪ್ ಬಳಸಿದ್ದೀವಿ. ಐಡಿಇಯಲ್ಲಿ ಹೊಸ ಮೇವನ್ ಪ್ರಾಜೆಕ್ಟ್ ಮಾಡುವಾಗ ಕ್ವಿಕ್‌ಸ್ಟಾರ್ಟ್ ಅಂತ ಆರಿಸ್ತೀವಲ್ಲ, ಅದು ಮೇವನ್‌ನವರೇ ಕೊಟ್ಟಿರೋ ಆರ್ಕಿಟೈಪ್. ಅಂಥದ್ದನ್ನ ನಾವೂ ಮಾಡಬಹುದು.

ಮಾಡೋದು ಹೇಗೆ?

ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೀವಿ. ಟೈಪ್ ಮಾಡುವಾಗ ಎಲ್ಲಾ ಇಂಗ್ಲಿಷ್ ಸಣ್ಣಕ್ಷರದಲ್ಲಿರಲಿ.

1. ಸರಿಯಾಗಿ ಬಿಲ್ಡ್ ಆಗೋ ಒಂದು ಪ್ರಾಜೆಕ್ಟ್ ತಗೊಳ್ಳಿ. ಎಲ್ಲರಿಗೂ ಬೇಕಾಗೋದನ್ನ ಮಾತ್ರ ಉಳಿಸಿ: ಫೋಲ್ಡರ್ ರಚನೆ, ಪಾಮ್, ಒಂದು ಸ್ಯಾಂಪಲ್ ಕ್ಲಾಸ್, ಒಂದು ಟೆಸ್ಟ್.

2. 'ಎಂವಿಎನ್ ಕ್ಲೀನ್' ಕೊಡಿ. ಆಮೇಲೆ ಅದೇ ಫೋಲ್ಡರ್‌ನಲ್ಲಿ 'ಎಂವಿಎನ್ ಆರ್ಕಿಟೈಪ್:ಕ್ರಿಯೇಟ್-ಫ್ರಮ್-ಪ್ರಾಜೆಕ್ಟ್' ಕೊಡಿ.

3. ಅಚ್ಚು ತಯಾರಾಗೋದು ಟಾರ್ಗೆಟ್ ಫೋಲ್ಡರ್ ಒಳಗಿನ ಜನರೇಟೆಡ್-ಸೋರ್ಸಸ್, ಅದರೊಳಗಿನ ಆರ್ಕಿಟೈಪ್ ಫೋಲ್ಡರ್‌ನಲ್ಲಿ. ಇದನ್ನ ತಕ್ಷಣ ಬೇರೆ ಜಾಗಕ್ಕೆ ಕಾಪಿ ಮಾಡಿ. ಮುಂದಿನ ಸಲ ಕ್ಲೀನ್ ಕೊಟ್ರೆ ಟಾರ್ಗೆಟ್ ಜೊತೆ ಇದೂ ಹೋಗುತ್ತೆ.

4. ಕಾಪಿ ಮಾಡಿದ ಜಾಗದಲ್ಲಿ 'ಎಂವಿಎನ್ ಇನ್‌ಸ್ಟಾಲ್'. ಈಗ ಅಚ್ಚು ನಿಮ್ಮ ಲ್ಯಾಪ್‌ಟಾಪಿನ ಲೋಕಲ್ ರೆಪಾಸಿಟರಿಗೆ ಸೇರಿತು.

5. ಖಾಲಿ ಫೋಲ್ಡರ್‌ಗೆ ಹೋಗಿ 'ಎಂವಿಎನ್ ಆರ್ಕಿಟೈಪ್:ಜನರೇಟ್' ಕೊಟ್ಟು, ಲೋಕಲ್ ಕ್ಯಾಟಲಾಗ್‌ನಿಂದ ನಿಮ್ಮ ಅಚ್ಚನ್ನ ಆರಿಸಿ. ಗ್ರೂಪ್ ಐಡಿ, ಆರ್ಟಿಫ್ಯಾಕ್ಟ್ ಐಡಿ, ವರ್ಷನ್, ಪ್ಯಾಕೇಜ್ ಕೇಳುತ್ತೆ. ಕೊಟ್ರೆ ಹೊಸ ಪ್ರಾಜೆಕ್ಟ್ ರೆಡಿ, ಎಲ್ಲಾ ಫೈಲ್‌ನಲ್ಲೂ ಹೊಸ ಪ್ಯಾಕೇಜ್ ಹೆಸರೇ ಇರುತ್ತೆ.

ಸ್ನೇಹಿತರಿಗೆ ಕೊಡಬೇಕಾ? ಅಚ್ಚಿನ ಫೋಲ್ಡರನ್ನ ಗಿಟ್‌ಗೆ ಹಾಕಿ. ಅವರು ಕ್ಲೋನ್ ಮಾಡಿ, ಒಂದು ಸಲ ಇನ್‌ಸ್ಟಾಲ್ ಕೊಟ್ರೆ ಸಾಕು.

ಒಳಗೆ ಏನು ನಡೆಯುತ್ತೆ?

ಅಚ್ಚಿನೊಳಗೆ ಎರಡು ಮುಖ್ಯ ವಿಷಯ ಇವೆ. ಒಂದು, ಆರ್ಕಿಟೈಪ್-ರಿಸೋರ್ಸಸ್ ಫೋಲ್ಡರ್. ಹೊಸ ಪ್ರಾಜೆಕ್ಟಿಗೆ ಹೋಗೋ ಫೈಲ್‌ಗಳೆಲ್ಲ ಇಲ್ಲಿರುತ್ತವೆ. ಇನ್ನೊಂದು, ಆರ್ಕಿಟೈಪ್-ಮೆಟಾಡೇಟಾ ಅನ್ನೋ ಎಕ್ಸ್‌ಎಂಎಲ್ ಫೈಲ್. ಯಾವ ಫೈಲ್ ಹೋಗಬೇಕು, ಯಾವುದರಲ್ಲಿ ಹೆಸರು ಬದಲಾಗಬೇಕು ಅಂತ ಹೇಳೋದು ಇದು.

ಇದರಲ್ಲಿ 'ಫಿಲ್ಟರ್ಡ್' ಟ್ರೂ ಅಂತಿರೋ ಫೈಲ್‌ಗಳು ವೆಲಾಸಿಟಿ ಅನ್ನೋ ಟೆಂಪ್ಲೇಟ್ ಎಂಜಿನ್ ಮೂಲಕ ಹಾದು ಬರುತ್ತವೆ. ಡಾಲರ್ ಚಿಹ್ನೆ ಹಾಕಿ ಬರೆದ ಜಾಗಕ್ಕೆಲ್ಲ ನೀವು ಕೊಟ್ಟ ಉತ್ತರ ಬಂದು ಕೂರುತ್ತೆ. ನಿಮ್ಮದೇ ಪ್ರಶ್ನೆನೂ ಸೇರಿಸಬಹುದು. ಮೆಟಾಡೇಟಾದಲ್ಲಿ 'ರಿಕ್ವೈರ್ಡ್ ಪ್ರಾಪರ್ಟಿ' ಅಂತ 'ಟೀಮ್‌ನೇಮ್' ಸೇರಿಸಿದ್ರೆ, ಜನರೇಟ್ ಮಾಡುವಾಗ ಟೀಮ್ ಹೆಸರು ಕೇಳಿಯೇ ಮುಂದೆ ಹೋಗುತ್ತೆ. ಇಲ್ಲೊಂದು ತಮಾಷೆ ಇದೆ. ರೀಡ್‌ಮೀ ಫೈಲನ್ನೂ ಫಿಲ್ಟರ್ ಮಾಡಿಸಿದ್ರೆ, ಎರಡು ಹ್ಯಾಶ್ ಹಾಕಿ ಬರೆದ ಹೆಡಿಂಗ್‌ಗಳು ಮಾಯ! ವೆಲಾಸಿಟಿಗೆ ಎರಡು ಹ್ಯಾಶ್ ಅಂದ್ರೆ ಕಾಮೆಂಟ್. ಹಾಗಾಗಿ ರೀಡ್‌ಮೀಗೆ ಫಿಲ್ಟರ್ ಬೇಡ.

ಗೀರು ಬೀಳದ ಹಾಗೆ

ಕಾಪಿ ಮಾಡಿದ ಫೋಲ್ಡರ್‌ನಲ್ಲಿ ತಪ್ಪಿದ್ರೆ ಒಂದು ಟೀಮ್‌ಗೆ ತೊಂದರೆ. ಅಚ್ಚಲ್ಲಿ ತಪ್ಪಿದ್ರೆ ಇಡೀ ಸೆಕ್ಷನ್‌ಗೆ. ಆದ್ದರಿಂದ ಮೂರು ವಿಷಯ ನೋಡಿಕೊಳ್ಳಿ.

ಮೊದಲನೆಯದು ಪಾಸ್‌ವರ್ಡ್. ನೀವು ಟೈಪ್ ಮಾಡಿದ್ದು ಪಾಸ್‌ವರ್ಡ್ ಅಂತ ಮೇವನ್‌ಗೆ ಗೊತ್ತಾಗಲ್ಲ, ಅದನ್ನೂ ಅಚ್ಚಿಗೆ ಸೇರಿಸುತ್ತೆ. ಪ್ರಾಪರ್ಟೀಸ್ ಫೈಲ್‌ನಲ್ಲಿ ಆ ಜಾಗ ಖಾಲಿ ಬಿಡಿ.

ಎರಡನೆಯದು ಜಾವಾ ವರ್ಷನ್. ಲ್ಯಾಬ್‌ನಲ್ಲಿ 'ಸೋರ್ಸ್ ಆಪ್ಷನ್ 5 ಈಸ್ ನೋ ಲಾಂಗರ್ ಸಪೋರ್ಟೆಡ್' ಅನ್ನೋ ಎರರ್ ನೋಡದವರು ಕಡಿಮೆ. ಪಾಮ್‌ನಲ್ಲಿ ಜಾವಾ ವರ್ಷನ್ ಹೇಳದೇ ಇದ್ರೆ ಹಳೇ ಕಂಪೈಲರ್ ಪ್ಲಗಿನ್ ಜಾವಾ 5 ಅಂತಲೇ ಲೆಕ್ಕ ಹಾಕುತ್ತೆ, ಹೊಸ ಜೆಡಿಕೆ ಒಪ್ಪಲ್ಲ. 'ಮೇವನ್ ಡಾಟ್ ಕಂಪೈಲರ್ ಡಾಟ್ ಸೋರ್ಸ್', 'ಮೇವನ್ ಡಾಟ್ ಕಂಪೈಲರ್ ಡಾಟ್ ಟಾರ್ಗೆಟ್' ಅನ್ನೋ ಎರಡು ಪ್ರಾಪರ್ಟಿಗೂ 17 ಅಂತ ಅಚ್ಚಲ್ಲೇ ಬರೆದಿಟ್ರೆ, ಜೆಡಿಕೆ 17 ಅಥವಾ ಅದಕ್ಕಿಂತ ಹೊಸದು ಇರೋ ಯಾರಿಗೂ ಈ ಎರರ್ ಬರಲ್ಲ.

ಮೂರನೆಯದು ಟೆಸ್ಟ್. ಅಚ್ಚಿನ ಟೆಸ್ಟ್ ರಿಸೋರ್ಸಸ್ ಒಳಗೆ 'ಪ್ರಾಜೆಕ್ಟ್ಸ್' ಅಂತ ಫೋಲ್ಡರ್ ಇರುತ್ತೆ. ಅದರಲ್ಲಿನ ಗೋಲ್ ಫೈಲ್‌ನಲ್ಲಿ 'ವೆರಿಫೈ' ಅಂತ ಬರೆದಿದ್ರೆ, ನೀವು ಇನ್‌ಸ್ಟಾಲ್ ಕೊಟ್ಟಾಗೆಲ್ಲ ಮೇವನ್ ಒಂದು ಸ್ಯಾಂಪಲ್ ಪ್ರಾಜೆಕ್ಟ್ ಎರಕ ಹುಯ್ದು, ಅದು ಬಿಲ್ಡ್ ಆಗುತ್ತಾ ಅಂತ ನೋಡುತ್ತೆ.

ಏನು ಮಾಡಲ್ಲ?

ಅಚ್ಚನ್ನ ಆಮೇಲೆ ತಿದ್ದಿದ್ರೆ, ಆಗಲೇ ಹುಟ್ಟಿರೋ ಪ್ರಾಜೆಕ್ಟ್‌ಗಳು ತಾವಾಗೇ ಬದಲಾಗಲ್ಲ. ಗೊಂಬೆ ಅಚ್ಚಿಂದ ಹೊರಗೆ ಬಂದಾಯ್ತು. ಲೈಬ್ರರಿ ವರ್ಷನ್‌ನಂಥ, ಎಲ್ಲಾ ಟೀಮ್‌ಗಳಲ್ಲೂ ಒಟ್ಟಿಗೆ ಬದಲಾಗಬೇಕಾದ ವಿಷಯಗಳಿಗೆ ಪೇರೆಂಟ್ ಪಾಮ್ ಇದೆ. ಅದನ್ನ ಅಪ್‌ಡೇಟ್ ಮಾಡಿ, ಪ್ರತಿ ಪ್ರಾಜೆಕ್ಟ್‌ನಲ್ಲಿ ಪೇರೆಂಟ್ ವರ್ಷನ್ ನಂಬರ್ ಒಂದನ್ನ ಬದಲಾಯಿಸಿದ್ರೆ ಆಯ್ತು.

ಇನ್ನು, ಇದೂ ಕಾಪಿನೇ ಅಲ್ವಾ ಅಂತ ಕೇಳಬಹುದು. ಅಚ್ಚಲ್ಲಿ ಏನಿಡ್ತೀವಿ ಅನ್ನೋದರ ಮೇಲೆ ಅದು ನಿಂತಿದೆ. ಲಾಗಿನ್ ಪೇಜ್, ಲಾಜಿಕ್, ರಿಪೋರ್ಟ್ ಎಲ್ಲಾ ತುಂಬಿಸಿ ಕೊಟ್ರೆ ಅದು ಹಳೇ ಜಿಪ್ ಫೈಲೇ, ಹೆಸರು ಮಾತ್ರ ಹೊಸದು. ಅಸ್ಥಿಪಂಜರ ಮಾತ್ರ ಕೊಟ್ಟು, ಪಾಮ್‌ನ ಪ್ರತಿ ಡಿಪೆಂಡೆನ್ಸಿ ಮೇಲೆ ಅದು ಯಾಕಿದೆ ಅಂತ ಒಂದು ಸಾಲು ಕಾಮೆಂಟ್ ಬರೆದ್ರೆ, ಜೂನಿಯರ್ಸ್‌ಗೆ ಸೆಟಪ್ ಸಮಯ ಉಳಿಯುತ್ತೆ, ಯೋಚನೆ ಮಾಡೋ ಕೆಲಸ ಅವರಿಗೇ ಇರುತ್ತೆ. ಆ ಒಂದು ಸಾಲನ್ನ ಬರೆಯೋಕೆ ಮೊದಲು ನಮಗೇ ಉತ್ತರ ಗೊತ್ತಿರಬೇಕಾಗುತ್ತೆ. ಬಹುಶಃ ಅಚ್ಚು ಮಾಡೋದರ ದೊಡ್ಡ ಲಾಭ ಅದೇ.