ಜೀಪು ಎತ್ತರಿಸುವ ಮುಂಚೆ ಟೇಪು ಹಿಡಿದು ಅಳೆಯಿರಿ

ನಮ್ಮದು ನಂಜನಗೂಡು ತಾಲ್ಲೂಕು. ಬರೀ ಮಳೆ ನಂಬಿದ ಬೇಸಾಯ. ಮೇಲ್ಗಡೆ ಕೆಂಪು ಹೊಲದಲ್ಲಿ ಹುರುಳಿ, ಅಲಸಂದೆ, ರಾಗಿ. ಹಳ್ಳದ ಕಡೆ ಎರೆ ಹೊಲದಲ್ಲಿ ಹತ್ತಿ, ಜೋಳ. ಮನೆಯಿಂದ ಹೊಲಕ್ಕೆ ಎರಡು ಕಿಲೋಮೀಟರ್ ಬಂಡಿ ಜಾಡು. ಎರಡು ಕಡೆ ಚಕ್ರ ತಿಂದ ಗುಂಡಿ, ನಡುವೆ ದಿಬ್ಬ. ಟ್ರ್ಯಾಕ್ಟರ್ ಓಡಾಡಿದಷ್ಟೂ ಗುಂಡಿ ಆಳ, ದಿಬ್ಬ ಎತ್ತರ. ಆ ದಿಬ್ಬಕ್ಕೆ ನನ್ನ ಹಳೇ ಮಹೀಂದ್ರ ಜೀಪಿನ ಹೊಟ್ಟೆ ತಗಲುತ್ತಿತ್ತು. ಇಂಥ ತಾಪತ್ರಯ ಇರುವ ಕೃಷಿಕರು ಬಹಳ ಮಂದಿ ಇದ್ದಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮಗೆ ಜೀಪು ಷೋಕಿಗಲ್ಲ. ಹತ್ತಿ ಮೂಟೆ ರಸ್ತೆಗೆ ಬರಬೇಕಾದರೂ ಅದೇ, ರಾತ್ರಿ ಹೊತ್ತು ಮನೇಲಿ ಯಾರಿಗಾದರೂ ಎದೆನೋವು ಅಂದರೂ ಅದೇ. ಕೈಯಲ್ಲಿದ್ದದ್ದು ಹತ್ತಿ ಮಾರಿ ಉಳಿದ 30 ಸಾವಿರ. ಅದನ್ನು ದಾಟಿದರೆ ಮುಂದಿನ ಬಿತ್ತನೆ ಬೀಜಕ್ಕೆ ಸಾಲ ಎತ್ತಬೇಕು. ಬಂಡಿಪಾಳ್ಯದ ಎ.ಪಿ.ಎಂ.ಸಿ.ಗೆ ಮಾಲು ಹಾಕಿ ಬರುವ ದಿನಗಳಲ್ಲೇ ಮೈಸೂರಿನ ನಾಲ್ಕಾರು ಗ್ಯಾರೇಜು, ಟೈರು ಅಂಗಡಿ ಸುತ್ತಿದೆ. ಎಲ್ಲ ಕಡೆ ಒಂದೇ ಮಾತು: 'ಲಿಫ್ಟ್ ಕಿಟ್ ಹಾಕ್ಸಿ, ದಪ್ಪ ಟೈರ್ ಹಾಕ್ಸಿ.'

ಲಿಫ್ಟ್ ಕಿಟ್ ಅಂದರೆ ಏನು? ಗಾಡಿಯ ಚಾಸಿಯನ್ನು ಆಕ್ಸಲ್‌ನಿಂದ ಮೇಲಕ್ಕೆ ಎತ್ತುವ ಸಾಮಾನು. ನಮ್ಮ ಹಳೇ ಜೀಪುಗಳಿಗೆ ಮುಂದೆ ಹಿಂದೆ ಎರಡೂ ಕಡೆ ಕಮಾನು ಪಟ್ಟಿ ಇರುತ್ತದೆ. ಪಟ್ಟಿ ಹೆಚ್ಚು ಬಾಗಿಸಿದರೆ, ಅದರ ತುದಿಯ ಶಾಕಲ್ ಉದ್ದ ಮಾಡಿದರೆ, ಇಲ್ಲವೇ ಆಕ್ಸಲ್ ಕೆಳಗಿರುವ ಪಟ್ಟಿಯನ್ನು ಆಕ್ಸಲ್ ಮೇಲೆ ಕೂರಿಸಿದರೆ ಬಾಡಿ ಎತ್ತರವಾಗುತ್ತದೆ. ಬಾಡಿ ಎತ್ತರವಾಗುತ್ತದೆ, ಸರಿ. ಆದರೆ ದಿಬ್ಬಕ್ಕೆ ತಗಲುವುದು ಯಾವುದು?

ಜೀಪನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಟೇಪು ಹಿಡಿದು ಕೆಳಗೆ ಮಲಗಿ ನೋಡಿ. ಎಲ್ಲಕ್ಕಿಂತ ಕೆಳಗಿರುವುದು ಆಕ್ಸಲ್ ನಡುವೆ ಗೆಡ್ಡೆ ಥರ ಉಬ್ಬಿರುವ ಡಿಫರೆನ್ಷಿಯಲ್. ನನ್ನ ಜೀಪಿನಲ್ಲಿ ನೆಲದಿಂದ ಅದಕ್ಕೆ ಎಂಟು ಇಂಚು ಸಹ ಇರಲಿಲ್ಲ. ಈ ಗೆಡ್ಡೆ ಆಕ್ಸಲ್‌ಗೆ ಸೇರಿದ್ದು, ಬಾಡಿಗಲ್ಲ. ಲಿಫ್ಟ್ ಕಿಟ್ ಎಷ್ಟೇ ಎತ್ತರದ್ದು ಹಾಕಿ, ಇದು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ! ಇದನ್ನು ಎತ್ತುವುದು ಟೈರು ಮಾತ್ರ. ಅದೂ ಟೈರಿನ ಎತ್ತರ ಎರಡು ಇಂಚು ಹೆಚ್ಚಿದರೆ ಗೆಡ್ಡೆ ಏಳುವುದು ಒಂದೇ ಇಂಚು. ಕಿಟ್ ಉಪಯೋಗಕ್ಕೆ ಬರುವುದು ಚಾಸಿ, ಸೈಲೆನ್ಸರ್, ಡೀಸೆಲ್ ಟ್ಯಾಂಕು ತಗಲುವವರಿಗೆ, ಇಲ್ಲವೇ ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜುವವರಿಗೆ. ಎಲ್ಲಿ ತಗಲುತ್ತದೆ ಎಂದು ತಿಳಿಯಲು ಸುಲಭ ಉಪಾಯ: ಜೀಪಿನಡಿ ಇರುವ ಎಲ್ಲಕ್ಕೂ ಸುಣ್ಣ ಹಚ್ಚಿ ಜಾಡಿನಲ್ಲಿ ಒಂದು ಸಲ ಹೋಗಿ ಬನ್ನಿ. ಸುಣ್ಣ ಉಜ್ಜಿಹೋದ ಜಾಗವೇ ಉತ್ತರ ಹೇಳುತ್ತದೆ.

ನನ್ನ ಜೀಪಿನಲ್ಲಿ ಗೆಡ್ಡೆಯ ಸುಣ್ಣವೂ ಹೋಗಿತ್ತು, ಎಡಗಡೆ ಸೈಲೆನ್ಸರ್‌ದೂ ಹೋಗಿತ್ತು. ಎಡಗಡೆ ಮಾತ್ರ ಯಾಕೆ? ಎಡ ಬಲ ಎತ್ತರ ಅಳೆದರೆ ಎಡಗಡೆ ಒಂದೂವರೆ ಇಂಚು ತಗ್ಗು. ಕಮಾನು ಪಟ್ಟಿ ವರ್ಷಗಟ್ಟಲೆ ಭಾರ ಹೊತ್ತು ಸೋತಿತ್ತು, ಬುಷ್‌ಗಳು ಸವೆದಿದ್ದವು, ಒಂದು ಪ್ಲೇಟು ಒಳಗೇ ಮುರಿದಿತ್ತು. ಹಳೇ ಜೀಪಿಗೆ ಹೊಸ ಎತ್ತರ ಹುಡುಕುವ ಮುಂಚೆ ಅದು ಕಳಕೊಂಡ ಎತ್ತರ ವಾಪಸ್ ತರಬೇಕು. ಈ ಜೀಪಿನ ಮೂಲ 1940ರ ದಶಕದ ವಿಲ್ಲಿಸ್ ಜೀಪು. ಕೆಸರು, ಹಳ್ಳ, ಕಲ್ಲು ದಾಟಲೆಂದೇ ಮಾಡಿದ ಯುದ್ಧದ ಗಾಡಿ. ಮೂಲ ಎತ್ತರ ನಮ್ಮ ಹೊಲದ ಜಾಡಿಗೆ ಸಾಲುತ್ತದೆ.

ಪಟ್ಟಿ ಕೆಲಸವನ್ನು ಬನ್ನಿಮಂಟಪದ ಕಡೆ, ಲಾರಿ ಪಟ್ಟಿ ಮಾಡುವವರಲ್ಲಿ ಮಾಡಿಸಿದೆ. ಜೀಪಿನ ಷೋಕಿ ಸಾಮಾನು ಮಾರುವವರಿಗಿಂತ ಇವರು ವಾಸಿ. ದಿನಾ ಭಾರದ ಗಾಡಿ ನೋಡುವವರು. ಒಂದು ವಿಷಯ ಗಮನಿಸಿ. ಸೋತ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ, ಹಾಗೇ ಆರಲು ಬಿಟ್ಟರೆ ಅದು ಬರೀ ಕಬ್ಬಿಣದ ಪಟ್ಟಿ. ಹದ ಹೋಗಿರುತ್ತದೆ. ಕೆಲವೇ ತಿಂಗಳಲ್ಲಿ ಮತ್ತೆ ಮಲಗುತ್ತದೆ. ನಮ್ಮ ಕುಡುಗೋಲಿಗೆ ಕಮ್ಮಾರ ನೀರಲ್ಲಿ ಅದ್ದಿ ಹದ ಕೊಡುವುದಿಲ್ಲವೇ, ಹಾಗೇ ಇದಕ್ಕೂ ಎಣ್ಣೆಯಲ್ಲಿ ಅದ್ದಿ ಹದ ಕೊಡಬೇಕು. ಆ ಅನುಕೂಲ ಇಲ್ಲದವರಾದರೆ ಕಾಯಿಸದೆ ತಣ್ಣಗೇ ಬಡಿದು ಬಾಗಿಸಲಿ, ಮುರಿದ ಪ್ಲೇಟಿಗೆ ಹೊಸದು ಹಾಕಲಿ. ಯು ಬೋಲ್ಟು ಹಳೇದನ್ನೇ ಮತ್ತೆ ಬಿಗಿಯಬಾರದು, ಒಮ್ಮೆ ಎಳೆದ ಬೋಲ್ಟು ಹಿಡಿತ ಬಿಡುತ್ತದೆ. ಹೆಚ್ಚಿಗೆ ಒಂದೆರಡು ಪ್ಲೇಟು ಸೇರಿಸಿ ಅಂತ ಹೇಳುವವರೂ ಇದ್ದಾರೆ. ಎತ್ತರ ಬರುತ್ತದೆ, ಆದರೆ ಖಾಲಿ ಗಾಡಿ ಕುಪ್ಪಳಿಸುತ್ತದೆ. ಕುಪ್ಪಳಿಸುವ ಚಕ್ರ ನೆಲ ಕಚ್ಚುವುದಿಲ್ಲ.

ಶಾಕಲ್ ಉದ್ದ ಮಾಡುವುದು ಎಲ್ಲಕ್ಕಿಂತ ಅಗ್ಗ. ಎರಡು ಕಬ್ಬಿಣದ ಪಟ್ಟಿ, ನಾಲ್ಕು ತೂತು. ಎರಡು ಇಂಚು ಉದ್ದ ಮಾಡಿದರೆ ಒಂದು ಇಂಚು ಎತ್ತರ ಬರುತ್ತದೆ. ಆದರೆ ಮುಂದಿನ ಆಕ್ಸಲ್‌ನ ಓರೆ ಬದಲಾಗಿ ರಸ್ತೆಯಲ್ಲಿ ಸ್ಟೇರಿಂಗ್ ತೂಗಾಡುತ್ತದೆ. ಪಟ್ಟಿಯನ್ನು ಆಕ್ಸಲ್ ಮೇಲೆ ಕೂರಿಸುವುದಂತೂ ನಮ್ಮಂಥವರಿಗೆ ಬೇಡವೇ ಬೇಡ. ನಾಲ್ಕೈದು ಇಂಚು ಏಳುತ್ತದೆ ನಿಜ. ಆಮೇಲೆ ಬ್ರೇಕಿನ ರಬ್ಬರ್ ಪೈಪು ಸಾಲುವುದಿಲ್ಲ, ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ಕ್ರಾಸ್ ತಿನ್ನುತ್ತದೆ, ಸ್ಟೇರಿಂಗ್ ರಾಡು ಬದಲಿಸಬೇಕು. ಅಗ್ಗದ ಕೆಲಸದ ಬಾಲಕ್ಕೆ ನಾಲ್ಕು ದುಬಾರಿ ಕೆಲಸ! ಜೀಪು ಮೊದಲೇ ಅಗಲ ಕಮ್ಮಿ, ಎತ್ತರ ಜಾಸ್ತಿ. ನಮ್ಮ ಪಕ್ಕದ ಊರಲ್ಲಿ ಹಾಗೆ ಎತ್ತರಿಸಿದ ಜೀಪೊಂದು ಬದು ಹತ್ತುವಾಗ ಮಗುಚಿತು. ಓಡಿಸುತ್ತಿದ್ದ ಹುಡುಗನ ಕೈ ಮುರಿಯಿತು. ಜೀವ ಉಳಿದದ್ದು ಪುಣ್ಯ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಮೊದಲು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಎಂದೂ ಸೇರಿಸಿದರು. 15 ವರ್ಷ ದಾಟಿದ ಸ್ವಂತ ಗಾಡಿ ಐದೈದು ವರ್ಷಕ್ಕೊಮ್ಮೆ ಆರ್.ಟಿ.ಓ. ಮುಂದೆ ನಿಲ್ಲಲೇಬೇಕಲ್ಲ! ಸೋತ ಪಟ್ಟಿ ಸರಿಮಾಡಿಸಿ ಮೂಲ ಎತ್ತರಕ್ಕೆ ತರುವುದು ರಿಪೇರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಇನ್ನು ಟೈರು. ಮೈಸೂರಿಗೂ ಟೈರಿಗೂ ಹಳೇ ನಂಟು. ಮೇಟಗಳ್ಳಿಯ ವಿಕ್ರಾಂತ್ ಟೈರ್ಸ್ ಕಾರ್ಖಾನೆಯನ್ನು 1997ರಲ್ಲಿ ಜೆ.ಕೆ. ಟೈರ್‌ನವರು ಕೊಂಡರು. ಕಾರ್ಖಾನೆ ಊರಲ್ಲಿದೆ ಅಂತ ಟೈರು ಅಗ್ಗಕ್ಕೆ ಸಿಗುತ್ತದೆ ಅಂದ್ಕೋಬೇಡಿ. ಆದರೆ ಅಲ್ಲಿ ದುಡಿದು ನಿವೃತ್ತರಾದವರು ಊರಲ್ಲಿದ್ದಾರೆ, ಟೈರಿನ ಪಕ್ಕೆಯ ಅಕ್ಷರ ಓದುವುದನ್ನು ನಾನು ಕಲಿತದ್ದು ಅಂಥವರೊಬ್ಬರಿಂದ.

ನನ್ನ ಜೀಪಿನದು 6.00-16. ಆರು ಇಂಚು ಅಗಲ, ಹದಿನಾರು ಇಂಚಿನ ರಿಮ್ಮು. ಇದೇ ನಂಬರಿನ ಟೈರು ಟ್ರ್ಯಾಕ್ಟರ್ ಮುಂಗಾಲಿಗೂ ಬರುತ್ತದೆ! ಮನೆಯಲ್ಲಿ ಬಿದ್ದಿದೆ, ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಅದರ ಉದ್ದುದ್ದ ಗೆರೆ ತಿರುಗಿಸಲು ಇರುವುದು, ಎಳೆಯಲು ಅಲ್ಲ. ಅದರ ಪಕ್ಕೆಯಲ್ಲಿ ಎ6 ಎಂದಿದ್ದರೆ 30 ಕಿಲೋಮೀಟರ್, ಎ8 ಎಂದಿದ್ದರೆ 40 ಕಿಲೋಮೀಟರ್ ವೇಗಕ್ಕೆ ಮಾತ್ರ. ನಂಜನಗೂಡು ರಸ್ತೆಯಲ್ಲಿ 60ರಲ್ಲಿ ಹೋದರೆ ಕಾದು ಸೀಳೀತು.

ಟೆಂಪೋಗಳ 7.50-16 ಟೈರು ಹಾಕಿಸಿ ಅಂತ ಒಬ್ಬರು ಒತ್ತಾಯ ಮಾಡಿದರು. ಮೂರು ಇಂಚಿನಷ್ಟು ಎತ್ತರ ಹೆಚ್ಚು, ಗೆಡ್ಡೆ ಒಂದೂವರೆ ಇಂಚು ಏಳುತ್ತದೆ, ಸರಿಯೇ. ಆದರೆ ಅದಕ್ಕೆ ಅಗಲದ ರಿಮ್ಮು ಬೇಕು, ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ, ಆಗ ಮತ್ತೆ ಲಿಫ್ಟ್ ಕಿಟ್ಟೇ ಗತಿ. ಎಂಜಿನ್ನಿನ ಎಳೆತ ನೂರಕ್ಕೆ ಎಂಟು ಹತ್ತು ಪಾಲು ಇಳಿಯುತ್ತದೆ, ಬ್ರೇಕಿಗೂ ಅಷ್ಟೇ ಹೆಚ್ಚು ಕಷ್ಟ. ಕಂಪನಿಯ ಅಳತೆಯಲ್ಲೇ, ದಪ್ಪ ಹಲ್ಲಿನ ಮಿಲಿಟರಿ ನಮೂನೆ ಸಾಕು ಅನ್ನಿಸಿತು. ಹೊಸ ಟೈರಿನ ಹಲ್ಲು ಸುಮಾರು ಅರ್ಧ ಇಂಚು. ಬೋಳು ಟೈರು ತೆಗೆದು ಇದನ್ನು ಹಾಕಿದರೆ ಅಷ್ಟು ಎತ್ತರ ಪುಕ್ಕಟೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಪಕ್ಕೆಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹಲ್ಲು ಎಷ್ಟೇ ಚೆನ್ನಾಗಿರಲಿ, ಏಳೆಂಟು ವರ್ಷ ದಾಟಿದ್ದರೆ ರಬ್ಬರು ಬಿರುಸಾಗಿ ಒದ್ದೆ ನೆಲದಲ್ಲಿ ಜಾರುತ್ತದೆ. ಒಳಗೆ ಕೈಯಾಡಿಸಿ, ತೇಪೆ ಅಥವಾ ಗಂಟು ಸಿಕ್ಕರೆ ಬಿಟ್ಟುಬಿಡಿ. ಎರಡು ಹೊಸದು ಎರಡು ಹಳೇದು ಹಾಕೋಣ ಅಂದರೆ, ಫೋರ್ ವೀಲ್ ಜೀಪಿಗೆ ಅದು ಆಗದು. ಮುಂದಿನ ಹಿಂದಿನ ಟೈರು ಎತ್ತರ ಬೇರೆ ಬೇರೆಯಾದರೆ, ಫೋರ್ ವೀಲ್ ಹಾಕಿದಾಗ ಒಂದು ಆಕ್ಸಲ್ ಇನ್ನೊಂದನ್ನು ಎಳೆದಾಡಿ ಗೇರುಗಳು ಬಿಗಿಹಿಡಿಯುತ್ತವೆ. ಒಂದೇ ಅಳತೆ, ಒಂದೇ ಸವೆತದ ನಾಲ್ಕು ಬೇಕು.

ನನಗಾದ ಖರ್ಚು: ಪಟ್ಟಿ, ಬುಷ್, ಯು ಬೋಲ್ಟ್, ಕೂಲಿ ಸೇರಿ 6,500. ನಾಲ್ಕು ಹೊಸ ಟೈರು, ಟ್ಯೂಬು 21,600. ಎಡಗಡೆ ಒಂದೂವರೆ ಇಂಚು, ಬಲಗಡೆ ಮುಕ್ಕಾಲು ಇಂಚು ವಾಪಸ್ ಬಂತು. ಟೈರಿನಿಂದ ಗೆಡ್ಡೆ ಅರ್ಧ ಇಂಚು ಎದ್ದಿತು. ಇಷ್ಟಕ್ಕೇ ಸೈಲೆನ್ಸರ್ ತಗಲುವುದು ನಿಂತಿತು. ಗೆಡ್ಡೆ ಇನ್ನೂ ಎರಡು ಕಡೆ ತಗಲುತ್ತಿತ್ತು. ಅದಕ್ಕೆ ನಾನೂ ಮಗನೂ ಗುದ್ದಲಿ ಹಿಡಿದು ಒಂದು ಬೆಳಗ್ಗೆ ಆ ದಿಬ್ಬ ಕೆತ್ತಿ ಗುಂಡಿಗೆ ತುಂಬಿದೆವು. ಜೀಪು ಎತ್ತುವುದಕ್ಕಿಂತ ನೆಲ ತಗ್ಗಿಸುವುದು ಅಗ್ಗ!

ಎರೆ ಹೊಲದ ಮಾತು ಬೇರೆ. ಜೋರು ಮಳೆ ಬಿದ್ದ ದಿನ ಎರೆ ಮಣ್ಣು ಎಂಥ ಹಲ್ಲಿನ ಸಂದಿಗೂ ಮೆತ್ತಿಕೊಂಡು ಟೈರನ್ನು ಬೋಳು ಮಾಡುತ್ತದೆ. ಅವತ್ತು ಜೀಪನ್ನು ಕೆಂಪು ಮಣ್ಣಿನ ದಿನ್ನೆಯಲ್ಲೇ ನಿಲ್ಲಿಸಿ ನಡೆದು ಹೋಗುತ್ತೇವೆ. ಹಳ್ಳದ ಮರಳಿನಲ್ಲಿ ಮಾತ್ರ ಟೈರಿನ ಗಾಳಿ 18ಕ್ಕೆ ಇಳಿಸುತ್ತೇನೆ, ಟೈರು ಅಗಲವಾಗಿ ಕೂತು ಹೂಳುವುದಿಲ್ಲ. ಅದಕ್ಕಿಂತ ಇಳಿಸಿದರೆ ಟ್ಯೂಬಿನ ವಾಲ್ವು ಕಿತ್ತುಬರುವ ಅಪಾಯ. ಕಾಲಲ್ಲಿ ಒತ್ತುವ ಪಂಪು ಸೀಟಿನಡಿ ಇರಬೇಕು, ಟಾರು ರಸ್ತೆ ಹತ್ತುವ ಮುಂಚೆ ಮತ್ತೆ ಗಾಳಿ ತುಂಬಲೇಬೇಕು. ಪಟ್ಟಿ ಕೆಲಸ ಮಾಡಿಸಿದವರು ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟುಗಳನ್ನು ಒಮ್ಮೆ ಬಿಗಿ ಮಾಡಿಸಿ. ನನ್ನ ಜೀಪಿನಲ್ಲಿ ನಾಲ್ಕೂ ಕಡೆ ಅರ್ಧ ಸುತ್ತು ಸಡಿಲ ಇತ್ತು.