‘ಸರ್ವರ್ ಡೌನ್’ ಅಂದ್ರೆ ಏನು? 502, 503, 504 ಬಂದ್ರೆ ಹೀಗೆ ಮಾಡಿ

ಬಂಗಾರಪೇಟೆ/ಕೆಜಿಎಫ್: 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾಸಿಂಧು ಸರ್ವರ್ ಸಮಸ್ಯೆ ಕಾಡಿದ್ದು ನೆನಪಿರಬಹುದು. ರಾಬರ್ಟ್‌ಸನ್‌ಪೇಟೆಯಾಗಲಿ, ಬಂಗಾರಪೇಟೆಯಾಗಲಿ, ಕೂಲಿ ಬಿಟ್ಟು ಸೇವಾ ಕೇಂದ್ರಕ್ಕೆ ಬಂದವರಿಗೆ ಆಗಾಗ ಸಿಗೋ ಉತ್ತರ ‘ಸರ್ವರ್ ಡೌನ್’. ಆದ್ರೆ ಸ್ಕ್ರೀನ್ ಮೇಲಿನ ನಂಬರ್ ನೋಡಿದ್ರೆ ತೊಂದರೆ ಎಲ್ಲಿದೆ ಅನ್ನೋದು ಅಂದಾಜಾಗುತ್ತೆ.

ವೆಬ್ ಸರ್ವರ್ ಕೌಂಟರ್ ಇದ್ದ ಹಾಗೆ; ಅರ್ಜಿ ತಗೊಂಡು ಒಳಗೆ ಕಳಿಸುತ್ತೆ. ಆಪ್ಲಿಕೇಶನ್ ಸರ್ವರ್ ಒಳಗಿನ ಗುಮಾಸ್ತರ ಹಾಗೆ. ದಾಖಲೆ ನೋಡಿ ಕೆಲಸ ಮುಗಿಸುತ್ತೆ.

502: ಒಳಗಿಂದ ಸರಿಯಾದ ಉತ್ತರ ಬಂದಿಲ್ಲ. ಆಪ್ಲಿಕೇಶನ್ ನಿಂತಿರಬಹುದು, ಪೋರ್ಟ್ ನಂಬರ್ ತಪ್ಪಿರಬಹುದು.

503: ಸೇವೆ ತಾತ್ಕಾಲಿಕವಾಗಿ ಇಲ್ಲ. ಒತ್ತಡ ಹೆಚ್ಚಾಗಿರಬಹುದು ಅಥವಾ ದುರಸ್ತಿ ನಡೀತಿರಬಹುದು.

504: ಕೌಂಟರ್ ಕಾದೂ ಕಾದೂ ಸಮಯ ಮೀರಿದೆ.

ಹುಷಾರಾಗಿರಬೇಕಾದ್ದು 504ರಲ್ಲಿ. ಕೌಂಟರ್ ಕಾಯೋದು ಬಿಟ್ರೂ ಒಳಗೆ ಕೆಲಸ ಮುಗಿದಿರಬಹುದು. ಶುಲ್ಕ ಕಟ್ಟುವಾಗ ಹೀಗಾದ್ರೆ ತಕ್ಷಣ ಮತ್ತೆ ಕಟ್ಟಬೇಡಿ. ಮೊದಲು ಬ್ಯಾಂಕ್ ಮೆಸೇಜ್, ಅರ್ಜಿ ಸ್ಥಿತಿ ನೋಡಿ.

ಈ ಮೂರರಲ್ಲಿ ಸಾಮಾನ್ಯವಾಗಿ ನಿಮ್ಮ ಮೊಬೈಲ್ ತಪ್ಪಿರಲ್ಲ. ಆಪ್ಲಿಕೇಶನ್ ಚಾಲೂ ಇದೆಯಾ, ಪೋರ್ಟ್ ಸರಿಯಿದೆಯಾ, ಲಾಗ್‌ನಲ್ಲಿ ಏನಿದೆ ಅಂತ ಸರ್ವರ್ ನೋಡಿಕೊಳ್ಳುವವರೇ ಪರಿಶೀಲಿಸಬೇಕು. ದೂರು ಕೊಡುವಾಗ ನಂಬರ್, ದಿನಾಂಕ, ಸಮಯ ಕಾಣುವ ಸ್ಕ್ರೀನ್‌ಶಾಟ್ ಕೊಡಿ. ಲಾಗ್‌ನಲ್ಲಿ ಹುಡುಕೋಕೆ ಅದೇ ಆಧಾರ. ಕೊನೆ ದಿನಾಂಕ ತಪ್ಪಿದ್ರೆ ನಿಮ್ಮ ಕೈಲಿರೋ ಪುರಾವೆಯೂ ಅದೇ.