ಸೌಂದರ್ಯದ ವಾದ, ಸಾಕ್ಷ್ಯದ ತೀರ್ಪು

ನ್ಯಾಯಾಲಯದಲ್ಲಿ ಕೆಲವೊಮ್ಮೆ ಬಹಳ ಸುಂದರವಾದ ವಾದವೊಂದು ಮಂಡನೆಯಾಗುತ್ತದೆ. ಅದರಲ್ಲಿ ಒಂದು ಮಾತೂ ಹೆಚ್ಚಿರುವುದಿಲ್ಲ, ಒಂದು ಕೊಂಡಿಯೂ ಸಡಿಲವಾಗಿರುವುದಿಲ್ಲ; ಎದುರು ಪಕ್ಷದ ವಕೀಲನೂ ಮನಸ್ಸಿನಲ್ಲೇ ತಲೆದೂಗುತ್ತಾನೆ. ಆದರೂ ಸಾಕ್ಷ್ಯ ವಿರುದ್ಧವಾಗಿ ನಿಂತರೆ ಆ ವಾದ ಬಿದ್ದುಹೋಗುತ್ತದೆ. ಭೌತವಿಜ್ಞಾನದ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಅನುಭವ ನೆನಪಾಗುತ್ತದೆ.

ವಿಜ್ಞಾನಿಗಳು ಒಂದು ಸಿದ್ಧಾಂತವನ್ನು ಸುಂದರವೆನ್ನುವಾಗ ಅಲಂಕಾರದ ಮಾತಾಡುತ್ತಿರುವುದಿಲ್ಲ. ಕೆಲವನ್ನೇ ನಂಬಿ ಹಲವನ್ನು ವಿವರಿಸುವ ಮಿತತೆ, ಸಂಬಂಧವೇ ಇಲ್ಲವೆಂದು ತೋರುವ ಸಂಗತಿಗಳನ್ನು ಒಂದೇ ಸೂತ್ರದಲ್ಲಿ ಪೋಣಿಸುವ ಶಕ್ತಿ, ಇವೇ ಅವರ ಪಾಲಿನ ಸೌಂದರ್ಯ.

ಇಂಗ್ಲೆಂಡಿನ ಪಾಲ್ ಡಿರಾಕ್ 1928ರಲ್ಲಿ ಇಲೆಕ್ಟ್ರಾನಿಗೆ ಒಂದು ಸಮೀಕರಣವನ್ನು ಬರೆದರು. ಕ್ವಾಂಟಂ ಸಿದ್ಧಾಂತವನ್ನೂ ಐನ್‌ಸ್ಟೈನರ ವಿಶೇಷ ಸಾಪೇಕ್ಷತೆಯನ್ನೂ ಒಂದುಗೂಡಿಸುವುದು ಅವರ ಉದ್ದೇಶವಾಗಿತ್ತು. ಆದರೆ ಆ ಸಮೀಕರಣ ಅರ್ಜಿಯಲ್ಲಿ ಕೋರದ ಪರಿಹಾರವನ್ನೂ ನೀಡಿತು: ಋಣಾತ್ಮಕ ಶಕ್ತಿಯ ಸ್ಥಿತಿಗಳು! ಅವು ಪ್ರೋಟಾನನ್ನು ಸೂಚಿಸುತ್ತಿರಬಹುದೆಂದು ಡಿರಾಕ್ ಮೊದಲು ಭಾವಿಸಿದರು. ಪ್ರೋಟಾನಿನ ತೂಕವಾದರೋ ಇಲೆಕ್ಟ್ರಾನಿನ 1836 ಪಟ್ಟು, ಲೆಕ್ಕ ಹೊಂದಲಿಲ್ಲ. ಅವರು ಸಮೀಕರಣವನ್ನು ಕೈಬಿಡಲಿಲ್ಲ. ಇಲೆಕ್ಟ್ರಾನಿನಷ್ಟೇ ತೂಕವುಳ್ಳ, ಧನ ವಿದ್ಯುದಂಶವುಳ್ಳ ಹೊಸ ಕಣವೊಂದಿರಬೇಕೆಂದು 1931ರಲ್ಲಿ ಸಾರಿದರು. ಮರುವರ್ಷವೇ ಅಮೆರಿಕದ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳ ಛಾಯಾಚಿತ್ರದಲ್ಲಿ ಅಂಥ ಕಣದ ಜಾಡನ್ನು ಕಂಡರು. ಅದೇ ಪಾಸಿಟ್ರಾನ್. ಇಂದು ಆಸ್ಪತ್ರೆಗಳಲ್ಲಿ ನಡೆಯುವ ಪೆಟ್ ಸ್ಕ್ಯಾನ್ ಈ ಕಣವನ್ನೇ ಅವಲಂಬಿಸಿದೆ.

ಸಮೀಕರಣವು ಪ್ರಯೋಗಕ್ಕೆ ಹೊಂದುವುದಕ್ಕಿಂತಲೂ ಸುಂದರವಾಗಿರುವುದು ಮುಖ್ಯವೆಂದು ಡಿರಾಕ್ ಮುಂದೆ 1963ರಲ್ಲಿ ಬರೆದರು. ಈ ಮಾತನ್ನು ಹಾಗೆಯೇ ಒಪ್ಪಬಹುದೇ? ಮುನ್ನೂರು ವರ್ಷಗಳಿಗೂ ಹಿಂದೆ ಬದುಕಿದ್ದ ಕೆಪ್ಲರ್ ಇದಕ್ಕೆ ಬೇರೆಯೇ ಉತ್ತರವನ್ನು ಕೊಟ್ಟಿದ್ದಾರೆ.

ಆಕಾಶಕಾಯಗಳು ಪರಿಪೂರ್ಣ, ಆದುದರಿಂದ ಪರಿಪೂರ್ಣ ಆಕೃತಿಯಾದ ವೃತ್ತದಲ್ಲಿಯೇ ಅವು ಚಲಿಸಬೇಕು. ಯೂರೋಪಿನ ವಿದ್ವಾಂಸರು ಸುಮಾರು ಎರಡು ಸಾವಿರ ವರ್ಷ ಹೀಗೆಯೇ ನಂಬಿದ್ದರು. ಕೆಪ್ಲರ್ ಕೂಡ ಮಂಗಳನ ಚಲನೆಯನ್ನು ವೃತ್ತಕ್ಕೇ ಹೊಂದಿಸಲು ವರ್ಷಗಟ್ಟಲೆ ಶ್ರಮಿಸಿದರು. ಕೊನೆಗೆ ಉಳಿದ ವ್ಯತ್ಯಾಸ ಅತ್ಯಲ್ಪ: ಒಂದು ಡಿಗ್ರಿಯನ್ನು ಅರುವತ್ತು ಭಾಗ ಮಾಡಿದರೆ ಅದರಲ್ಲಿ ಎಂಟು ಭಾಗ, ಎಂದರೆ ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಕಾಲು ಪಾಲು. ಬೇರೊಬ್ಬರಾಗಿದ್ದರೆ ಕಣ್ಣುಮುಚ್ಚಿ ಬಿಡುತ್ತಿದ್ದರೇನೋ. ಆದರೆ ಟೈಕೊ ಬ್ರಾಹೆಯವರ ವೀಕ್ಷಣೆಗಳು ಎಷ್ಟು ವಿಶ್ವಾಸಾರ್ಹವೆಂಬುದು ಕೆಪ್ಲರರಿಗೆ ಗೊತ್ತಿತ್ತು. ಅವರು ಸಾಕ್ಷಿಯನ್ನು ನಂಬಿದರು, ವೃತ್ತವನ್ನು ಬಿಟ್ಟುಕೊಟ್ಟರು. 1609ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಮಂಗಳನ ಪಥ ದೀರ್ಘವೃತ್ತವಾಗಿತ್ತು.

ಸೌಂದರ್ಯ ಅಲ್ಲಿಗೆ ಅಳಿಯಲಿಲ್ಲ. ಹತ್ತು ವರ್ಷಗಳ ತರುವಾಯ ಅವರಿಗೆ ಇನ್ನೂ ಆಳವಾದ ಸೊಗಸೊಂದು ಗೋಚರಿಸಿತು: ಗ್ರಹದ ಪರಿಭ್ರಮಣ ಕಾಲದ ವರ್ಗವು ಸೂರ್ಯನಿಂದ ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಭೂಮಿಯ ದೂರವನ್ನು 1 ಎಂದುಕೊಂಡರೆ ಗುರುಗ್ರಹದ ದೂರ 5.2; ಅದರ ಘನ 140.6. ಗುರುವಿನ ಒಂದು ಸುತ್ತಿಗೆ 11.86 ವರ್ಷ, ಅದರ ವರ್ಗ 140.7.

ಸೌಂದರ್ಯವು ಇಂದಿಗೂ ವಿಜ್ಞಾನಿಗಳನ್ನು ಸೆಳೆಯುತ್ತಿದೆ, ಕೆಲವೊಮ್ಮೆ ಕಾಯಿಸುತ್ತಲೂ ಇದೆ. ಸೂಪರ್‌ಸಿಮೆಟ್ರಿ ಎಂಬ ಸೊಗಸಾದ ಸಿದ್ಧಾಂತ ಸೂಚಿಸಿದ ಕಣಗಳಲ್ಲಿ ಒಂದೂ ಜಿನೀವಾ ಸಮೀಪದ ಬೃಹತ್ ಯಂತ್ರದಲ್ಲಿ ಈವರೆಗೆ ಕಂಡಿಲ್ಲ. ಎಲ್ಲಿ ಹುಡುಕಬೇಕೆಂದು ಸೌಂದರ್ಯ ಹೇಳಬಲ್ಲದು. ಸಿಕ್ಕಿತೆಂದು ಹೇಳುವ ಅಧಿಕಾರ ಅದಕ್ಕಿಲ್ಲ.

ಹೆತ್ತವರಲ್ಲಿ ಒಂದು ವಿನಂತಿ. ಮಕ್ಕಳು ಸೂತ್ರಗಳನ್ನು ಬಾಯಿಪಾಠ ಮಾಡುತ್ತಿರುವಾಗ ಒಮ್ಮೆ ಜತೆಗೆ ಕುಳಿತುಕೊಳ್ಳಿ. ಶನಿಗ್ರಹ ಸೂರ್ಯನನ್ನು ಸುತ್ತಲು ಸುಮಾರು 29.5 ವರ್ಷ ಬೇಕು. ಹಾಗಾದರೆ ಅದರ ದೂರವೆಷ್ಟು? ಮಕ್ಕಳೇ ಲೆಕ್ಕ ಹಾಕಲಿ. ಬಂದ ಉತ್ತರವನ್ನು ಪುಸ್ತಕದಲ್ಲಿರುವ ಅಂಕಿಯೊಡನೆ ಅವರೇ ಹೋಲಿಸಿ ನೋಡಲಿ.